ಬೀಗ-ಕೀಲಿಕೈ ಪಾಠ ಎಲ್ಲಿ ಸಾಲದು?
ಮಸ್ಕರಿನಿಕ್ ಗ್ರಾಹಿಗಳ ಬೋಧನೆ: ಒಂದು ವಿಮರ್ಶೆ

ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಯಾವುದೇ ಪಿಯು ತರಗತಿಯಲ್ಲಿ ಕೇಳಿ ನೋಡಿ. ಬರುವ ಉತ್ತರ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ: "ಗ್ರಾಹಿ ಎಂಬುದು ಬೀಗ, ಔಷಧಿ ಎಂಬುದು ಕೀಲಿಕೈ. ಸರಿಯಾದ ಕೀಲಿಕೈ ಕೂತರೆ ಬೀಗ ತೆರೆಯುತ್ತದೆ; ತಪ್ಪು ಕೀಲಿಕೈ ಸಿಕ್ಕಿಹಾಕಿಕೊಂಡರೆ ತೆರೆಯುವುದಿಲ್ಲ." ಉತ್ತರ ತಪ್ಪಲ್ಲ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಇದೇ ಉತ್ತರವನ್ನು ಹಿಡಿದುಕೊಂಡು ಒಂದು ನಿಜವಾದ ಪ್ರಸಂಗವನ್ನು ಅರ್ಥಮಾಡಿಕೊಳ್ಳಲು ಹೊರಟರೆ ಅರ್ಧ ದಾರಿಯಲ್ಲೇ ಅದು ಕೈಕೊಡುತ್ತದೆ.

ಆ ಪ್ರಸಂಗಕ್ಕಾಗಿ ದೂರ ಹೋಗಬೇಕಾಗಿಲ್ಲ. ವಿಜಯಪುರ ನಗರದಿಂದ ತಿಕೋಟಾ ಅಥವಾ ಬಬಲೇಶ್ವರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಶೆಡ್ಡುಗಳು, ನಡುವೆ ತೊಗರಿಯ ಹೊಲಗಳು ಕಾಣುತ್ತವೆ. ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ಇಲ್ಲಿಯ ರೈತರು "ಎಣ್ಣಿ ಹೊಡೆಯುವುದು" ಎನ್ನುತ್ತಾರೆ; "ಔಷಧ ಹೊಡೆಯುವುದು" ಎಂಬ ಮಾತೂ ಉಂಟು. ಸಿಂಪಡಿಸುವ ಕೆಲವು "ಔಷಧ"ಗಳು ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದವು. ಅವು ಮನುಷ್ಯನ ದೇಹಕ್ಕೆ ಸೇರಿದರೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಕೂಡ ಔಷಧವೇ. ಒಂದೇ ಹೆಸರಿನ ಈ ಎರಡು ವಸ್ತುಗಳು ಎದುರಾಗುವ ಕಣ ನಮ್ಮ ಹೃದಯ, ಶ್ವಾಸಕೋಶ ಮತ್ತು ಮಿದುಳಿನಲ್ಲಿರುವ ಮಸ್ಕರಿನಿಕ್ ಗ್ರಾಹಿಗಳು. ಅಲ್ಲಿ ನಡೆಯುವುದು ಬೀಗ ತೆರೆಯುವ ಆಟಕ್ಕಿಂತ ಹೆಚ್ಚಾಗಿ ಜಾಗಕ್ಕಾಗಿ ಪೈಪೋಟಿ. ಪೈಪೋಟಿ ಎಂದ ಮೇಲೆ ಸಂಖ್ಯೆ, ಸಮಯ, ಸ್ಥಳ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಪಾಠ ಬಿಟ್ಟುಬಿಡುವುದು ಈ ಮೂರನ್ನೇ ಎಂಬುದು ಈ ಲೇಖನದ ಆಕ್ಷೇಪ.

ರೂಪಕ ಎಲ್ಲಿಂದ ಬಂತು?

ಬೀಗ-ಕೀಲಿಕೈ ಹೋಲಿಕೆಯನ್ನು 1894ರಲ್ಲಿ ಕೊಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್. ಅವರು ಮಾತನಾಡುತ್ತಿದ್ದದ್ದು ಗ್ರಾಹಿಗಳ ಬಗ್ಗೆ ಅಲ್ಲ, ಕಿಣ್ವಗಳ ಬಗ್ಗೆ. ಒಂದು ಕಿಣ್ವ ಒಂದು ಬಗೆಯ ಸಕ್ಕರೆ ಸಂಯುಕ್ತವನ್ನು ಒಡೆಯುತ್ತದೆ, ಅದೇ ರೀತಿ ಕಾಣುವ ಇನ್ನೊಂದನ್ನು ಮುಟ್ಟುವುದಿಲ್ಲ, ಏಕೆ? ಆಕಾರ ಹೊಂದಬೇಕು ಎಂಬುದು ಅವರ ವಿವರಣೆ. ಅಷ್ಟರಮಟ್ಟಿಗೆ ಹೋಲಿಕೆ ಸೊಗಸಾಗಿದೆ.

ಗ್ರಾಹಿಯ ಕಲ್ಪನೆ ಹುಟ್ಟಿದ್ದು ಬೇರೆ ದಾರಿಯಲ್ಲಿ, ಅದೂ ಇದಕ್ಕಿಂತ ಮುಂಚೆ. 1878ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಬೆಕ್ಕಿನ ಜೊಲ್ಲು ಗ್ರಂಥಿಯ ಮೇಲೆ ಪ್ರಯೋಗ ನಡೆಸಿದರು. ಪೈಲೋಕಾರ್ಪಿನ್ ಕೊಟ್ಟಾಗ ಜೊಲ್ಲು ಸುರಿಯಿತು. ಅಟ್ರೋಪಿನ್ ಕೊಟ್ಟಾಗ ನಿಂತಿತು. ಮತ್ತಷ್ಟು ಪೈಲೋಕಾರ್ಪಿನ್ ಕೊಟ್ಟಾಗ ಮತ್ತೆ ಸುರಿಯಿತು. ಗ್ರಂಥಿಯಲ್ಲಿ ಯಾವುದೋ ಒಂದು ವಸ್ತು ಇದ್ದು, ಎರಡೂ ಔಷಧಿಗಳು ಅದರೊಂದಿಗೆ ಕೂಡಿಕೊಳ್ಳಬಲ್ಲವು. ಯಾವುದು ಗೆಲ್ಲುತ್ತದೆ ಎಂಬುದು ಅವುಗಳ ಪ್ರಮಾಣ ಮತ್ತು ಆ ವಸ್ತುವಿನೆಡೆಗಿನ ಒಲವನ್ನು ಅವಲಂಬಿಸಿದೆ ಎಂದು ಲ್ಯಾಂಗ್ಲಿ ಊಹಿಸಿದರು. 1905ರಲ್ಲಿ ಅದನ್ನೇ ಅವರು "ಗ್ರಹಿಸುವ ವಸ್ತು" ಎಂದು ಕರೆದರು.

ಗಮನಿಸಿ: ಗ್ರಾಹಿಯ ಮೊದಲ ಕಲ್ಪನೆಯಲ್ಲೇ ಪೈಪೋಟಿ ಇತ್ತು, ಪ್ರಮಾಣ ಇತ್ತು. ಬೀಗ-ಕೀಲಿಕೈ ಇರಲಿಲ್ಲ. ಅಷ್ಟೇ ಅಲ್ಲ, ಲ್ಯಾಂಗ್ಲಿ ಅಂದು ಕಂಡದ್ದು ಇಂದು ನಾವು ಮಸ್ಕರಿನಿಕ್ ಎನ್ನುವ ಗ್ರಾಹಿಗಳ ಕೆಲಸವನ್ನೇ. ಕಿಣ್ವದ ರೂಪಕ ನಂತರ ಬಂದು ಈ ಕಲ್ಪನೆಯ ಮೇಲೆ ಕುಳಿತಿತು.

ಕಿಣ್ವಕ್ಕೂ ಗ್ರಾಹಿಗೂ ಇರುವ ಮುಖ್ಯ ವ್ಯತ್ಯಾಸವನ್ನು ವಿದ್ಯಾರ್ಥಿಗೆ ಹೇಳಲೇಬೇಕು. ಕಿಣ್ವ ತನ್ನೊಳಗೆ ಬಂದ ಅಣುವನ್ನು ಒಡೆದು ಅಥವಾ ಬದಲಿಸಿ ಕಳಿಸುತ್ತದೆ. ಗ್ರಾಹಿ ಅಣುವನ್ನು ಹಾಗೆಯೇ ಬಿಟ್ಟುಕೊಡುತ್ತದೆ. ಬದಲಾಗುವುದು ಗ್ರಾಹಿಯ ಆಕಾರ. ಕೀಟನಾಶಕದ ಪ್ರಸಂಗದಲ್ಲಿ ಎರಡೂ ಪಾತ್ರಗಳಿವೆ. ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಒಡೆಯುವ ಅಸಿಟೈಲ್‌ಕೋಲಿನೆಸ್ಟರೇಸ್ ಒಂದು ಕಿಣ್ವ. ಅದೇ ನರವಾಹಕದ ಸಂದೇಶವನ್ನು ಕೇಳಿಸಿಕೊಳ್ಳುವುದು ಗ್ರಾಹಿ. ಕೀಟನಾಶಕ ಕಿಣ್ವವನ್ನು ಹಿಡಿಯುತ್ತದೆ, ಅಟ್ರೋಪಿನ್ ಗ್ರಾಹಿಯನ್ನು ಹಿಡಿಯುತ್ತದೆ. ಎರಡನ್ನೂ "ಬೀಗ" ಎಂದುಬಿಟ್ಟರೆ, ಅಟ್ರೋಪಿನ್ ವಿಷವನ್ನೇ ಹೋಗಿ ನಾಶಮಾಡುತ್ತದೆ ಎಂಬ ತಪ್ಪು ಕಲ್ಪನೆ ಮೂಡುವುದು ಸಹಜ.

ಹೆಸರಿನ ಹಿನ್ನೆಲೆ

ಅಮಾನಿಟಾ ಮಸ್ಕಾರಿಯಾ ಎಂಬ ವಿಷದ ಅಣಬೆಯಿಂದ 1869ರಲ್ಲಿ ಮಸ್ಕರಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. 1914ರಲ್ಲಿ ಹೆನ್ರಿ ಡೇಲ್ ಅವರು ಅಸಿಟೈಲ್‌ಕೋಲಿನ್‌ನ ಪರಿಣಾಮಗಳನ್ನು ಎರಡಾಗಿ ವಿಂಗಡಿಸಿದರು. ಹೃದಯವನ್ನು ನಿಧಾನಗೊಳಿಸುವುದು, ಜೊಲ್ಲು ಸುರಿಸುವುದು ಮುಂತಾದವು ಮಸ್ಕರಿನ್‌ನಂತೆ. ಸ್ನಾಯು ಮತ್ತು ನರಗಂಟುಗಳ ಮೇಲಿನವು ತಂಬಾಕಿನ ನಿಕೊಟಿನ್‌ನಂತೆ. ಹೀಗೆ ಮಸ್ಕರಿನಿಕ್, ನಿಕೊಟಿನಿಕ್ ಎಂಬ ಎರಡು ಹೆಸರು ಬಂದವು.

1921ರಲ್ಲಿ ಆಟೋ ಲೋವಿ ಕಪ್ಪೆಯ ಎರಡು ಹೃದಯಗಳನ್ನು ತೆಗೆದುಕೊಂಡರು. ಒಂದರ ವೇಗಸ್ ನರವನ್ನು ಪ್ರಚೋದಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಎರಡನೆಯ ಹೃದಯವೂ ನಿಧಾನವಾಯಿತು. ನರದ ಸಂದೇಶ ರಾಸಾಯನಿಕ ರೂಪದಲ್ಲಿ ಹೋಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಡೇಲ್ ಮತ್ತು ಲೋವಿ 1936ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು.

ಪಠ್ಯ ಹೇಳುವುದು, ಬಿಡುವುದು

ಪಿಯು ಮೊದಲ ವರ್ಷದ ಜೀವವಿಜ್ಞಾನ ಪಠ್ಯದಲ್ಲಿ ನರಸಂಧಿಯ ವಿವರಣೆ ಇದೆ. ನರವಾಹಕವು ಎದುರಿನ ಪೊರೆಯ ಮೇಲಿನ ನಿರ್ದಿಷ್ಟ ಗ್ರಾಹಿಗಳಿಗೆ ಅಂಟುತ್ತದೆ, ಅದರಿಂದ ಅಯಾನು ನಾಳಗಳು ತೆರೆಯುತ್ತವೆ, ಹೊಸ ವಿಭವ ಉಂಟಾಗುತ್ತದೆ ಎಂಬುದು ಅದರ ಸಾರ. ನಿಕೊಟಿನಿಕ್ ಗ್ರಾಹಿಗೆ ಇದು ಅಕ್ಷರಶಃ ಸರಿ, ಏಕೆಂದರೆ ಆ ಗ್ರಾಹಿಯೇ ಒಂದು ಅಯಾನು ನಾಳ. ಕೆಲಸ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಮಸ್ಕರಿನಿಕ್ ಗ್ರಾಹಿ ಹಾಗಲ್ಲ. ಅದು ಪೊರೆಯನ್ನು ಏಳು ಬಾರಿ ಹಾದುಹೋಗುವ ಒಂದು ಪ್ರೋಟೀನು. ಒಳಬದಿಯಲ್ಲಿ ಜಿ-ಪ್ರೋಟೀನ್ ಎಂಬ ಮಧ್ಯವರ್ತಿಯನ್ನು ಎಬ್ಬಿಸುತ್ತದೆ. ಮುಂದಿನ ಕೆಲಸವೆಲ್ಲ ಆ ಮಧ್ಯವರ್ತಿಯದು. ಈ ಎರಡನೆಯ ಬಗೆಯ ಬಗ್ಗೆ ನರಸಂಧಿಯ ಪಾಠದಲ್ಲಿ ಒಂದು ಸಾಲು ಸೇರಿಸಿದ್ದರೂ ಸಾಕಿತ್ತು.

ಪಿಯು ಎರಡನೆಯ ವರ್ಷದ ರಸಾಯನ ವಿಜ್ಞಾನದಲ್ಲಿ "ದೈನಂದಿನ ಜೀವನದಲ್ಲಿ ರಸಾಯನ ವಿಜ್ಞಾನ" ಎಂಬ ಅಧ್ಯಾಯ ಇತ್ತು. ಕಿಣ್ವ ಮತ್ತು ಗ್ರಾಹಿಗಳನ್ನು ಔಷಧಿಯ ಗುರಿಗಳೆಂದು ಬೇರೆ ಬೇರೆಯಾಗಿ ಹೇಳಿ, ಗ್ರಾಹಿಯನ್ನು ಎಬ್ಬಿಸುವ ಔಷಧಿ ಮತ್ತು ತಡೆಯುವ ಔಷಧಿ ಎಂಬ ಭೇದವನ್ನೂ ಅದು ಕೊಡುತ್ತಿತ್ತು. ಕೊರತೆಗಳು ಇದ್ದವು. ಚಿತ್ರಗಳಲ್ಲಿ ಒಂದು ಅಣು, ಒಂದು ಗ್ರಾಹಿ ಮಾತ್ರ. ಎಷ್ಟು ಅಣು, ಎಷ್ಟು ಹೊತ್ತು ಎಂಬ ಪ್ರಶ್ನೆಯೇ ಇಲ್ಲ. ಆದರೂ ಶಿಕ್ಷಕರಿಗೆ ಹಿಡಿದುಕೊಳ್ಳಲು ಒಂದು ಕೊಂಡಿ ಇತ್ತು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯಭಾರ ಇಳಿಸುವಾಗ ಆ ಅಧ್ಯಾಯವನ್ನು ಪೂರ್ತಿ ಕೈಬಿಟ್ಟಿತು. ತಿದ್ದಬೇಕಾದ ಪಾಠವನ್ನು ತೆಗೆದೇ ಹಾಕಿದಂತಾಯಿತು. ಪಿಯು ರಸಾಯನ ಪಠ್ಯಗಳಲ್ಲಿ ರಾಸಾಯನಿಕ ಸಮತೋಲನ, ಕ್ರಿಯಾವೇಗ ಎಲ್ಲವೂ ಉಳಿದಿವೆ. ಅವನ್ನು ದೇಹದೊಳಗೆ ಅನ್ವಯಿಸುವ ಜಾಗ ಮಾತ್ರ ಹೋಗಿದೆ.

ಸೀಟು ಮತ್ತು ಟವಲ್

ಬೀಗದ ಬದಲು ಬಸ್ಸಿನ ಸೀಟನ್ನು ನೆನೆಯಿರಿ. ವಿಜಯಪುರದ ಬಸ್ ನಿಲ್ದಾಣದಲ್ಲಿ ತಿಕೋಟಾ ಬಸ್ಸು ಬಂದು ನಿಂತಿದೆ. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ. ಯಾವ ಸೀಟೂ ಒಬ್ಬರಿಗೇ ಮೀಸಲಲ್ಲ, ಆದರೆ ಯಾವುದೇ ಗಳಿಗೆಯಲ್ಲಿ ಇಂತಿಷ್ಟು ಸೀಟು ತುಂಬಿವೆ ಎಂದು ಎಣಿಸಬಹುದು. ಅಸಿಟೈಲ್‌ಕೋಲಿನ್ ಕೂತು ಟಿಕೆಟ್ ತೆಗೆಯುವ ಪ್ರಯಾಣಿಕ. ಕಿಟಕಿಯಿಂದ ಎಸೆದ ಟವಲ್ ಕೂಡ ಸೀಟು ಹಿಡಿಯುತ್ತದೆ, ಆದರೆ ಟಿಕೆಟ್ ತೆಗೆಯುವುದಿಲ್ಲ. ಅಟ್ರೋಪಿನ್ ಆ ಟವಲ್. ಒಂದು ತಿದ್ದುಪಡಿ ಮಾತ್ರ ಬೇಕು: ಈ ಟವಲ್‌ಗಳೂ ಆಗಾಗ ಜಾರಿ ಬೀಳುತ್ತವೆ, ಮತ್ತೆ ಯಾರೋ ಎಸೆಯುತ್ತಾರೆ.

ಈಗ ಲೆಕ್ಕ. ಅರ್ಧದಷ್ಟು ಗ್ರಾಹಿಗಳು ತುಂಬಲು ಬೇಕಾದ ಸಾರತೆಯನ್ನು ವಿಯೋಜನ ಸ್ಥಿರಾಂಕ ಎನ್ನುತ್ತಾರೆ. ಅದು ಕಡಿಮೆಯಿದ್ದಷ್ಟೂ ಒಲವು ಹೆಚ್ಚು. ತುಂಬಿದ ಭಾಗವನ್ನು ಹೀಗೆ ಕಂಡುಹಿಡಿಯಬಹುದು:

ತುಂಬಿದ ಭಾಗ = ಸಾರತೆ ÷ (ಸಾರತೆ + ವಿಯೋಜನ ಸ್ಥಿರಾಂಕ)

ಸಾರತೆ ಸ್ಥಿರಾಂಕಕ್ಕೆ ಸಮವಾದಾಗ ಶೇ. 50, ಅದರ 9 ಪಟ್ಟಾದಾಗ ಶೇ. 90, 99 ಪಟ್ಟಾದಾಗ ಶೇ. 99. ಮೊದಲ ಅರ್ಧ ತುಂಬುವುದು ಸುಲಭ, ಕೊನೆಯ ಕೆಲವು ಸೀಟು ತುಂಬುವುದು ಬಹಳ ಕಷ್ಟ. ಕಪ್ಪೆಯ ಹೃದಯದ ಮೇಲೆ ಅಸಿಟೈಲ್‌ಕೋಲಿನ್ ಮತ್ತು ಅಟ್ರೋಪಿನ್‌ಗಳ ಪೈಪೋಟಿಯನ್ನು ಅಳೆದು 1926ರಲ್ಲಿ ಈ ಬಗೆಯ ಲೆಕ್ಕಕ್ಕೆ ತಳಹದಿ ಹಾಕಿದವರು ಎ. ಜೆ. ಕ್ಲಾರ್ಕ್. ತಡೆಯುವ ಔಷಧಿ ಇದ್ದಾಗ ಸೂತ್ರ ಹೇಗೆ ಬದಲಾಗುತ್ತದೆ ಎಂಬುದನ್ನು 1937ರಲ್ಲಿ ಜಾನ್ ಗ್ಯಾಡಮ್ ಕೊಟ್ಟರು. ಅದರ ಪ್ರಕಾರ ಅಸಿಟೈಲ್‌ಕೋಲಿನ್‌ನ ಸ್ಥಿರಾಂಕ ಒಂದು ಅಂಶದಿಂದ ಗುಣಿಸಲ್ಪಡುತ್ತದೆ. ಆ ಅಂಶ: 1 + (ಅಟ್ರೋಪಿನ್ ಸಾರತೆ ÷ ಅಟ್ರೋಪಿನ್ ಸ್ಥಿರಾಂಕ).

ಮಸ್ಕರಿನಿಕ್ ಗ್ರಾಹಿಗೆ ಅಟ್ರೋಪಿನ್‌ನ ಸ್ಥಿರಾಂಕ ಸುಮಾರು 1 ನ್ಯಾನೋಮೋಲಾರ್. ತರಗತಿಯ ಲೆಕ್ಕಕ್ಕಾಗಿ ಅಟ್ರೋಪಿನ್ 9 ನ್ಯಾನೋಮೋಲಾರ್ ಇದೆ ಎಂದುಕೊಳ್ಳಿ. ಅಂಶ 10 ಆಯಿತು. ಮೊದಲು ಅಸಿಟೈಲ್‌ಕೋಲಿನ್ ಶೇ. 50 ಗ್ರಾಹಿಗಳನ್ನು ಹಿಡಿದಿದ್ದರೆ, ಈಗ ಉಳಿಯುವುದು 11ರಲ್ಲಿ 1 ಭಾಗ, ಅಂದರೆ ಸುಮಾರು ಶೇ. 9. ತಡೆ ಚೆನ್ನಾಗಿಯೇ ಆಗಿದೆ.

ಇನ್ನು ಕಿಣ್ವವನ್ನು ನಿಲ್ಲಿಸಿ, ಅಸಿಟೈಲ್‌ಕೋಲಿನ್ 100 ಪಟ್ಟು ಆಯಿತು ಎಂದುಕೊಳ್ಳಿ. ಅದೇ 9 ನ್ಯಾನೋಮೋಲಾರ್ ಅಟ್ರೋಪಿನ್ ಇದ್ದರೂ 110ರಲ್ಲಿ 100 ಭಾಗ, ಅಂದರೆ ಶೇ. 91 ಗ್ರಾಹಿಗಳು ಅಸಿಟೈಲ್‌ಕೋಲಿನ್ ವಶದಲ್ಲಿರುತ್ತವೆ. ಅಟ್ರೋಪಿನ್ "ಕೆಲಸ ಮಾಡಲಿಲ್ಲ" ಎಂದು ತೋರುತ್ತದೆ. ಅದು ಅಂಟಿದೆ, ಆದರೆ ಸೋತಿದೆ. 9, 18, 27, 36, 45 ಎಂದು ಒಂದೇ ಅಳತೆಯಲ್ಲಿ ಏರಿಸಿದರೆ ಐದನೆಯ ಹೆಜ್ಜೆಯಲ್ಲೂ ಶೇ. 68 ಅಸಿಟೈಲ್‌ಕೋಲಿನ್‌ನದೇ. 9, 18, 36, 72, 144 ಎಂದು ಪ್ರತಿ ಬಾರಿ ಇಮ್ಮಡಿಸಿದರೆ ಅದೇ ಐದನೆಯ ಹೆಜ್ಜೆಗೆ ಶೇ. 41ಕ್ಕೆ ಇಳಿಯುತ್ತದೆ. ಇವು ಔಷಧಿಯ ಪ್ರಮಾಣಗಳಲ್ಲ, ಕಲಿಕೆಗಾಗಿ ಮಾಡಿದ ಅಂಕಿಗಳು. ಆದರೆ ಇದರಲ್ಲಿರುವ ತತ್ವ ಆಸ್ಪತ್ರೆಯಲ್ಲೂ ಅದೇ. ಬೀಗ-ಕೀಲಿಕೈಯಿಂದ ಈ ತತ್ವ ಹೊರಡುವುದೇ ಇಲ್ಲ.

ಇನ್ನೊಂದು ಎಚ್ಚರ. ಶೇ. 50 ಗ್ರಾಹಿ ತುಂಬಿದರೆ ಪರಿಣಾಮವೂ ಶೇ. 50 ಎಂದಲ್ಲ. ಅಂಟಿಕೊಳ್ಳುವ ಶಕ್ತಿ ಬೇರೆ, ಅಂಟಿದ ಮೇಲೆ ಗ್ರಾಹಿಯನ್ನು ಎಬ್ಬಿಸುವ ಶಕ್ತಿ ಬೇರೆ ಎಂದು 1956ರಲ್ಲಿ ಆರ್. ಪಿ. ಸ್ಟೀಫನ್‌ಸನ್ ಸ್ಪಷ್ಟಪಡಿಸಿದರು. ಅಟ್ರೋಪಿನ್‌ಗೆ ಮೊದಲನೆಯದು ಬಹಳ, ಎರಡನೆಯದು ಇಲ್ಲ. ಕೆಲವು ಅಂಗಾಂಶಗಳಲ್ಲಿ ಸ್ವಲ್ಪವೇ ಗ್ರಾಹಿಗಳು ಎದ್ದರೂ ಪೂರ್ಣ ಪರಿಣಾಮ ಕಾಣುತ್ತದೆ.

ಮಿದುಳು ಬೇರೆ, ಹೃದಯ ಬೇರೆ

ಗ್ರಾಹಿಗಳನ್ನು ನೇರವಾಗಿ ಎಣಿಸುವುದು ಹೇಗೆ? 1965ರಲ್ಲಿ ಪೇಟನ್ ಮತ್ತು ರ‍್ಯಾಂಗ್ ವಿಕಿರಣಪಟು ಅಟ್ರೋಪಿನ್ ಬಳಸಿ ಗಿನಿಯಿಲಿಯ ಕರುಳಿನ ಸ್ನಾಯು ಅದನ್ನು ಎಷ್ಟು ಹೀರುತ್ತದೆ ಎಂದು ಅಳೆದರು. 1974ರಲ್ಲಿ ಯಮಮುರ ಮತ್ತು ಸ್ನೈಡರ್ ಇಲಿಯ ಮಿದುಳಿನಲ್ಲಿ, ಟ್ರಿಟಿಯಂ ಸೇರಿಸಿದ ಕ್ವಿನ್ಯೂಕ್ಲಿಡಿನೈಲ್ ಬೆಂಜಿಲೇಟ್ ಎಂಬ ವಸ್ತುವನ್ನು ಬಳಸಿದರು. ಚಿಕ್ಕದಾಗಿ ಇದನ್ನು ಕ್ಯೂಎನ್‌ಬಿ ಎನ್ನೋಣ.

ವಿಧಾನ ಸರಳವಾಗಿದೆ. ಅಂಗಾಂಶವನ್ನು ಅರೆದು ಪೊರೆಯ ಚೂರುಗಳನ್ನು ತಯಾರಿಸುತ್ತಾರೆ. ಕ್ಯೂಎನ್‌ಬಿ ಬೆರೆಸಿ, ಸಮತೋಲನಕ್ಕೆ ಬರುವವರೆಗೆ ಕಾಯುತ್ತಾರೆ. ಸೋಸು ಹಾಳೆಯ ಮೇಲೆ ಬೇಗನೆ ಸೋಸಿ, ತೊಳೆದು, ಹಾಳೆಯಲ್ಲಿ ಉಳಿದ ವಿಕಿರಣವನ್ನು ಎಣಿಸುತ್ತಾರೆ. ಕ್ಯೂಎನ್‌ಬಿ ಗಾಜಿಗೆ, ಕೊಬ್ಬಿಗೆ, ಹಾಳೆಗೂ ಅಂಟುತ್ತದೆ. ಆದ್ದರಿಂದ ಇನ್ನೊಂದು ನಳಿಕೆಯಲ್ಲಿ ಹೇರಳವಾಗಿ ಅಟ್ರೋಪಿನ್ ಹಾಕಿ ಗ್ರಾಹಿಗಳನ್ನೆಲ್ಲ ಮುಚ್ಚಿ ಮತ್ತೆ ಎಣಿಸುತ್ತಾರೆ. ಎರಡರ ವ್ಯತ್ಯಾಸವೇ ಗ್ರಾಹಿಗೆ ಅಂಟಿದ್ದು. ಈ ಕಳೆಯುವ ಲೆಕ್ಕವಿಲ್ಲದ ಬಂಧನದ ಅಂಕಿಯನ್ನು ನಂಬಬಾರದು ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಇಲಿಯ ಮಿದುಳಿನ ಕಾರ್ಪಸ್ ಸ್ಟ್ರಯೇಟಂ ಮತ್ತು ಹೊರಪದರದಲ್ಲಿ ಬಂಧನ ಹೆಚ್ಚು, ಕಿರುಮಿದುಳಿನಲ್ಲಿ ಬಹಳ ಕಡಿಮೆ ಎಂದು ತಿಳಿದುಬಂತು.

ಅಟ್ರೋಪಿನ್ ಮತ್ತು ಕ್ಯೂಎನ್‌ಬಿಗೆ ಮಿದುಳಿನ ಗ್ರಾಹಿಯೂ ಹೃದಯದ ಗ್ರಾಹಿಯೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಒಂದೇ ಬಗೆಯ ಗ್ರಾಹಿ ಎಲ್ಲೆಡೆ ಇದೆ ಎಂದು ಭಾವಿಸಲು ಅವಕಾಶವಿತ್ತು. 1980ರಲ್ಲಿ ಹ್ಯಾಮರ್, ಬರ್ಡ್‌ಸಾಲ್, ಹ್ಯೂಮ್ ಮೊದಲಾದವರು ಹೊಟ್ಟೆಹುಣ್ಣಿಗೆ ಬಳಸುವ ಪೈರೆಂಜೆಪಿನ್ ಎಂಬ ಔಷಧಿಯಿಂದ ಪರೀಕ್ಷಿಸಿದಾಗ ಚಿತ್ರ ಬದಲಾಯಿತು. ಅದು ಮಿದುಳಿನ ಹೊರಪದರದ ಗ್ರಾಹಿಗಳಿಗೆ ಬಲವಾಗಿ ಅಂಟಿತು, ಹೃದಯದವಕ್ಕೆ ಅದಕ್ಕಿಂತ ಎಷ್ಟೋ ದುರ್ಬಲವಾಗಿ. ಗ್ರಾಹಿಗಳು ಒಂದೇ ಅಲ್ಲ ಎಂದಾಯಿತು. 1986ರಿಂದ 1988ರ ಅವಧಿಯಲ್ಲಿ ಅವುಗಳ ಜೀನ್‌ಗಳನ್ನು ಬೇರ್ಪಡಿಸಿದಾಗ ಎಂ1ರಿಂದ ಎಂ5ರವರೆಗೆ ಐದು ಬಗೆ ಇರುವುದು ಖಚಿತವಾಯಿತು.

ಹೃದಯದಲ್ಲಿ ಮುಖ್ಯವಾಗಿ ಎಂ2 ಇದೆ. ಅದು ಜಿ-ಪ್ರೋಟೀನಿನ ಮೂಲಕ ಪೊಟ್ಯಾಸಿಯಂ ನಾಳಗಳನ್ನು ತೆರೆಸುತ್ತದೆ, ಬಡಿತ ನಿಧಾನವಾಗುತ್ತದೆ. ಮಿದುಳಿನ ಹೊರಪದರದಲ್ಲೂ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲೂ ಎಂ1 ಹೇರಳವಾಗಿದೆ. ಅದು ಬೇರೆಯ ಜಿ-ಪ್ರೋಟೀನನ್ನು ಎಬ್ಬಿಸಿ, ಕೆಲವು ಪೊಟ್ಯಾಸಿಯಂ ನಾಳಗಳನ್ನು ಮುಚ್ಚಿಸುತ್ತದೆ. ನರಕೋಶ ಇನ್ನಷ್ಟು ಚುರುಕಾಗುತ್ತದೆ. ಗ್ರಂಥಿಗಳಲ್ಲೂ ಶ್ವಾಸನಾಳದ ಸ್ನಾಯುವಿನಲ್ಲೂ ಎಂ3 ಕೆಲಸ ಮಾಡುತ್ತದೆ. ಕೀಲಿಕೈ ಒಂದೇ ಆದರೂ ಒಂದು ಕಡೆ ಬಾಗಿಲು ತೆರೆಯುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ.

ಜಿ-ಪ್ರೋಟೀನ್ ಬಂಧನವನ್ನೂ ಬದಲಿಸುತ್ತದೆ ಎಂಬುದು ಇನ್ನೂ ಕುತೂಹಲಕರ. 1979ರಲ್ಲಿ ಹೃದಯದ ಪೊರೆಗಳ ಮೇಲೆ ನಡೆದ ಪ್ರಯೋಗದಲ್ಲಿ ಜಿಟಿಪಿಯಂಥ ಗ್ವಾನೀನ್ ನ್ಯೂಕ್ಲಿಯೊಟೈಡ್ ಸೇರಿಸಿದಾಗ, ಗ್ರಾಹಿಯನ್ನು ಎಬ್ಬಿಸುವ ಔಷಧಿಗಳ ಒಲವು ಕುಗ್ಗಿತು. ತಡೆಯುವ ಔಷಧಿಗಳ ಒಲವು ಆ ರೀತಿ ಕುಗ್ಗಲಿಲ್ಲ. ಬಾಗಿಲಿನ ಹಿಂದೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ಕೀಲಿಕೈ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದು ನಿರ್ಧಾರವಾದಂತೆ. ಯಾವ ಬೀಗವೂ ಹೀಗೆ ವರ್ತಿಸುವುದಿಲ್ಲ. 2012ರಲ್ಲಿ ಕ್ಯೂಎನ್‌ಬಿ ಅಂಟಿದ ಎಂ2 ಗ್ರಾಹಿಯ ಹರಳಿನ ರಚನೆ ಪ್ರಕಟವಾಯಿತು. ಐದೂ ಬಗೆಗಳಲ್ಲಿ ಔಷಧಿ ಕೂರುವ ಗುಳಿ ಬಹುಮಟ್ಟಿಗೆ ಒಂದೇ ರೀತಿ ಇದೆ. ಒಂದನ್ನೇ ಹಿಡಿಯುವ ಔಷಧಿ ತಯಾರಿಸುವುದು ಏಕೆ ಇಷ್ಟು ಕಷ್ಟ ಎಂಬುದಕ್ಕೆ ಅದೇ ಉತ್ತರ.

ಆಕಾರದಿಂದ ಸಾಧ್ಯವಾಗದ್ದನ್ನು ಸಮಯದಿಂದ ಸಾಧಿಸಬಹುದು. ದೀರ್ಘಕಾಲದ ಉಬ್ಬಸದ ಕಾಯಿಲೆಯಲ್ಲಿ ಬಾಯಿಯಿಂದ ಎಳೆದುಕೊಳ್ಳುವ ಟಿಯೋಟ್ರೋಪಿಯಂ ಎಂ2, ಎಂ3 ಎರಡಕ್ಕೂ ಅಂಟುತ್ತದೆ. ಆದರೆ ಎಂ3ರಿಂದ ಬಿಟ್ಟುಹೋಗಲು ಎಷ್ಟೋ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸ್ಥಳದಿಂದಲೂ ಸಾಧಿಸಬಹುದು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾಕ್ಕೆ ಒಪ್ಪಿಗೆ ಪಡೆದ ಔಷಧಿಯಲ್ಲಿ ಎರಡು ವಸ್ತುಗಳಿವೆ. ಝನೊಮೆಲಿನ್ ಮಿದುಳಿಗೆ ಹೋಗಿ ಮಸ್ಕರಿನಿಕ್ ಗ್ರಾಹಿಗಳನ್ನು ಎಬ್ಬಿಸುತ್ತದೆ. ಟ್ರೋಸ್ಪಿಯಂ ಅದೇ ಗ್ರಾಹಿಗಳನ್ನು ತಡೆಯುತ್ತದೆ, ಆದರೆ ವಿದ್ಯುದಾವೇಶ ಹೊತ್ತಿರುವುದರಿಂದ ರಕ್ತದಿಂದ ಮಿದುಳಿಗೆ ದಾಟಲಾರದು. ಮಿದುಳಿನಲ್ಲಿ ಪ್ರಚೋದನೆ, ಹೊರಗೆ ತಡೆ.

ತೋಟದಿಂದ ಆಸ್ಪತ್ರೆಗೆ

ಈಗ ತಿಕೋಟಾ-ಬಬಲೇಶ್ವರದ ಹೊಲಕ್ಕೆ ಮರಳೋಣ. ಮೊದಲಿಗೆ ಒಂದು ವಿವೇಚನೆ ಬೇಕು. ಸಿಂಪಡಿಸುವುದೆಲ್ಲ ಆರ್ಗನೋಫಾಸ್ಫೇಟ್ ಅಲ್ಲ. ಚಾಟ್ನಿಯ ನಂತರ ದ್ರಾಕ್ಷಿಗೆ ಹೊಡೆಯುವುದರಲ್ಲಿ ಹೆಚ್ಚಿನವು, ರೈತರು ಡೌನಿ ಎನ್ನುವ ರೋಗಕ್ಕೂ ಬೂದಿ ರೋಗಕ್ಕೂ ಬಳಸುವ ಶಿಲೀಂಧ್ರನಾಶಕಗಳು. ಅವುಗಳಲ್ಲೊಂದಾದ ಮ್ಯಾಂಕೋಜೆಬ್ ಡೈಥಯೋಕಾರ್ಬಮೇಟ್ ಗುಂಪಿನದು. ಕಿಣ್ವವನ್ನು ತಡೆಯುವ ಕಾರ್ಬಮೇಟ್ ಕೀಟನಾಶಕಗಳ ಹೆಸರಿಗೂ ಇದರ ಹೆಸರಿಗೂ ಹೋಲಿಕೆ ಇದ್ದರೂ, ಕೆಲಸ ಬೇರೆ. ಎಲ್ಲ "ಎಣ್ಣಿ"ಗೂ ಅಟ್ರೋಪಿನ್ ಮದ್ದಲ್ಲ. ಡಬ್ಬಿಯನ್ನೋ ಅದರ ಚೀಟಿಯನ್ನೋ ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಕು ಎನ್ನುವುದು ಇದಕ್ಕಾಗಿಯೇ.

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್‌ನಂಥವು ಆರ್ಗನೋಫಾಸ್ಫೇಟ್‌ಗಳು. ಇವು ಚರ್ಮದಿಂದಲೋ ಉಸಿರಿನಿಂದಲೋ ಹೊಟ್ಟೆಯಿಂದಲೋ ದೇಹ ಸೇರಿದರೆ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವಕ್ಕೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಅಸಿಟೈಲ್‌ಕೋಲಿನ್ ಒಡೆಯದೆ ಕೂಡಿಬೀಳುತ್ತದೆ. ಆಮೇಲೆ ಕಾಣುವುದೆಲ್ಲ ನೀವು ಮೇಲೆ ಓದಿದ ಗ್ರಾಹಿಗಳ ಭೂಪಟ. ಎಂ3ರಿಂದ ಜೊಲ್ಲು, ಬೆವರು, ಸೂಜಿಮೊನೆಯಷ್ಟಾದ ಕಣ್ಣುಪಾಪೆ, ಶ್ವಾಸಕೋಶದಲ್ಲಿ ನೀರು ತುಂಬಿದಂತೆ ಕಫ; ಎಂ2ರಿಂದ ನಿಧಾನವಾದ ಹೃದಯ; ಮಿದುಳಿನಲ್ಲಿ ಗೊಂದಲ, ಪ್ರಜ್ಞೆ ತಪ್ಪುವಿಕೆ; ನಿಕೊಟಿನಿಕ್ ಗ್ರಾಹಿಗಳಿಂದ ಸ್ನಾಯು ಅದುರುವುದು, ಕೊನೆಗೆ ಉಸಿರಾಟದ ಸ್ನಾಯುವೂ ಸೋಲುವುದು.

ಅಟ್ರೋಪಿನ್ ಇವುಗಳಲ್ಲಿ ಮಸ್ಕರಿನಿಕ್ ಭಾಗವನ್ನು ಮಾತ್ರ ತಡೆಯುತ್ತದೆ. ಕಿಣ್ವವನ್ನು ಅದು ಬಿಡಿಸುವುದಿಲ್ಲ. ಸ್ನಾಯುವಿನ ದೌರ್ಬಲ್ಯಕ್ಕೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ಉಸಿರಾಟದ ಯಂತ್ರ. ಎಷ್ಟು ಅಟ್ರೋಪಿನ್ ಬೇಕು ಎಂಬುದು ಎಷ್ಟು ಅಸಿಟೈಲ್‌ಕೋಲಿನ್ ಕೂಡಿದೆ ಎಂಬುದರ ಮೇಲೆ ನಿಂತಿದೆ, ಅದನ್ನು ಯಾರೂ ಮೊದಲೇ ಹೇಳಲಾರರು. ಆದ್ದರಿಂದ ವೈದ್ಯರು ಮೊದಲ ಪ್ರಮಾಣ ಕೊಟ್ಟು, ಐದು ನಿಮಿಷ ನೋಡಿ, ಸಾಲದಿದ್ದರೆ ಇಮ್ಮಡಿಸುತ್ತಾ ಹೋಗುತ್ತಾರೆ. ಬಾಂಗ್ಲಾದೇಶದ ಚಿತ್ತಗಾಂಗ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸುಮಾರು 150 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳೆಯ ಕ್ರಮದಲ್ಲಿ ಶೇ. 22.5 ಮಂದಿ ತೀರಿಕೊಂಡರು. ಇಮ್ಮಡಿಸಿ ನಂತರ ಸಲೈನ್‌ನಲ್ಲಿ ನಿರಂತರವಾಗಿ ಕೊಟ್ಟ ಕ್ರಮದಲ್ಲಿ ಶೇ. 8 ಮಂದಿ. ಅಟ್ರೋಪಿನ್‌ನ ವಿಷಲಕ್ಷಣಗಳೂ ಎರಡನೆಯ ಕ್ರಮದಲ್ಲಿ ಕಡಿಮೆಯಿದ್ದವು. ಪೈಪೋಟಿಯ ಸೂತ್ರ ಪರೀಕ್ಷಾ ಕೊಠಡಿಯಿಂದ ಹೊರಬಂದು ಜೀವ ಉಳಿಸುವುದು ಹೀಗೆ.

ಎಲ್ಲಿ ನಿಲ್ಲಿಸಬೇಕು? ಶ್ವಾಸಕೋಶ ಸ್ವಚ್ಛವಾಗಿ ಕೇಳಿಸಬೇಕು, ಬಡಿತ ನಿಮಿಷಕ್ಕೆ 80 ದಾಟಬೇಕು, ರಕ್ತದೊತ್ತಡ ಸಾಕಷ್ಟಿರಬೇಕು, ಕಂಕುಳು ಒಣಗಿರಬೇಕು. ಬಡಿತ ಒಂದನ್ನೇ ನಂಬಿದರೆ ಮೋಸವಾಗಬಹುದು, ಏಕೆಂದರೆ ನಿಕೊಟಿನಿಕ್ ಪರಿಣಾಮದಿಂದಲೂ ಹೃದಯ ಜೋರಾಗಿ ಬಡಿಯುತ್ತದೆ. ಅತಿಯಾದರೆ ಮಿದುಳು ಸೂಚನೆ ಕೊಡುತ್ತದೆ: ಬಡಬಡಿಕೆ, ತಳಮಳ, ಜ್ವರ. ಗ್ರಾಹಿಗಳು ಎಷ್ಟು ತುಂಬಿವೆ ಎಂಬುದನ್ನು ಅಳೆಯಲು ಹಾಸಿಗೆಯ ಪಕ್ಕದಲ್ಲಿ ಬೇರೆ ಉಪಕರಣವಿಲ್ಲ. ರೋಗಿಯ ಶ್ವಾಸಕೋಶ, ಹೃದಯ, ಮಿದುಳುಗಳೇ ಆ ಉಪಕರಣ. ಒಂದೊಂದನ್ನೂ ಬೇರೆ ಬೇರೆಯಾಗಿ ಓದಬೇಕು.

ಆ ಬಡಬಡಿಕೆಯನ್ನು ನಮ್ಮ ಹಳ್ಳಿಗರು ಇನ್ನೊಂದು ಕಡೆ ಕಂಡಿದ್ದಾರೆ. ಬದುವಿನ ಮೇಲೆ ಬೆಳೆಯುವ ದತ್ತೂರಿಯ (ಮದಗುಣಕಿಯ) ಬೀಜದಲ್ಲಿ ಅಟ್ರೋಪಿನ್ ಮತ್ತು ಸ್ಕೋಪೋಲಮಿನ್ ಇವೆ. ತಿಂದ ಮಕ್ಕಳ ಬಾಯಿ ಒಣಗುತ್ತದೆ, ಕಣ್ಣುಪಾಪೆ ಅಗಲವಾಗುತ್ತದೆ, ಹೃದಯ ಓಡುತ್ತದೆ, ಇಲ್ಲದ್ದು ಕಾಣಿಸುತ್ತದೆ. ಹಾಗಾದರೆ ಕೀಟನಾಶಕಕ್ಕೆ ಮದಗುಣಕಿಯೇ ಮದ್ದಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಖಂಡಿತ ಅಲ್ಲ. ಗಿಡದಿಂದ ಗಿಡಕ್ಕೆ, ಕಾಯಿಂದ ಕಾಯಿಗೆ ಪ್ರಮಾಣ ಬೇರೆ. ಪೈಪೋಟಿಯಲ್ಲಿ ಪ್ರಮಾಣವೇ ಎಲ್ಲ ಎಂಬುದನ್ನು ಅರಿತವರು ಆ ಸಾಹಸಕ್ಕೆ ಕೈಹಾಕುವುದಿಲ್ಲ. ಆಗ ಮಾಡಬೇಕಾದದ್ದು ಬಟ್ಟೆ ಕಳಚಿ, ಸೋಪು-ನೀರಿನಿಂದ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯೂ ಇದೆ, 1986ರಿಂದ ನಡೆಯುತ್ತಿರುವ ಬಿಎಲ್‌ಡಿಇ ಸಂಸ್ಥೆಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜೂ ಇದೆ.

ಶಿಕ್ಷಕರು ಏನು ಮಾಡಬಹುದು?

ಬೀಗ-ಕೀಲಿಕೈಯನ್ನು ಬಿಟ್ಟುಬಿಡಿ ಎಂದು ಈ ಲೇಖನ ಹೇಳುತ್ತಿಲ್ಲ. ಆಕಾರದ ಮಾತನ್ನು ಮೊದಲ ದಿನ ಹೇಳಲು ಅದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಎರಡನೆಯ ದಿನ ಅಲ್ಲೇ ನಿಲ್ಲಬಾರದು, ಅಷ್ಟೇ. ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ರಾಸಾಯನಿಕ ಸಮತೋಲನದ ಪಾಠ ಮುಗಿದ ದಿನ ಮೇಲಿನ ಸೂತ್ರವನ್ನು ಹಲಗೆಯ ಮೇಲೆ ಬರೆದು, ಅಟ್ರೋಪಿನ್‌ನ ಐದು ಪ್ರಮಾಣಗಳಿಗೆ ನಕ್ಷೆ ಎಳೆಯಲು ಹೇಳಿ. ಒಂದು ಅವಧಿ ಸಾಕು. ನರಸಂಧಿಯ ಪಾಠದಲ್ಲಿ ಅಯಾನು ನಾಳದ ಸಾಲಿನ ಪಕ್ಕದಲ್ಲಿ ಜಿ-ಪ್ರೋಟೀನಿನ ಸಾಲನ್ನು ಸೇರಿಸಿ. ಹೃದಯದ ಪಾಠಕ್ಕೆ ಬಂದಾಗ ಅದೇ ನರವಾಹಕ ಮಿದುಳಿನಲ್ಲಿ ಏನು ಮಾಡುತ್ತದೆ ಎಂದು ಕೇಳಿ. ಪಠ್ಯಪುಸ್ತಕ ಸಮಿತಿಗಳಿಗೆ ಮಾಡಬೇಕಾದ ಕೋರಿಕೆಯೂ ಚಿಕ್ಕದು: ತೆಗೆದ ಅಧ್ಯಾಯವನ್ನು ಹಾಗೆಯೇ ಮರಳಿ ತರಬೇಡಿ, ಗ್ರಾಹಿಯ ಭಾಗವನ್ನು ಒಂದು ಲೆಕ್ಕದೊಂದಿಗೆ, ನಮ್ಮ ಹೊಲದ ಒಂದು ಉದಾಹರಣೆಯೊಂದಿಗೆ ತನ್ನಿ.

ನಿಮ್ಮ ತರಗತಿಯಲ್ಲಿ ಕುಳಿತಿರುವ ಕೆಲವು ಮಕ್ಕಳ ಮನೆಯ ಮೂಲೆಯಲ್ಲೇ ಸಿಂಪಡಣೆಯ ಡಬ್ಬಿಗಳಿವೆ. ಅದರ ಚೀಟಿಯಲ್ಲಿ ಆ ವಸ್ತುವಿನ ಹೆಸರೂ, ವಿಷದ ಮಟ್ಟ ತಿಳಿಸುವ ಬಣ್ಣದ ತ್ರಿಕೋನವೂ, ಮದ್ದಿನ ಹೆಸರೂ ಅಚ್ಚಾಗಿರುತ್ತವೆ. ಅಲ್ಲಿ ಅಟ್ರೋಪಿನ್ ಎಂದು ಏಕೆ ಬರೆದಿದ್ದಾರೆ, ಎಷ್ಟು ಎಂದು ಏಕೆ ಒಂದೇ ಅಂಕಿಯಲ್ಲಿ ಹೇಳಲಾಗುವುದಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ವಿದ್ಯಾರ್ಥಿ ತಾನೇ ಉತ್ತರಿಸುವಂತಾದರೆ ಗ್ರಾಹಿಗಳ ಪಾಠ ಮುಟ್ಟಿದೆ ಎಂದು ತಿಳಿಯಬಹುದು.